ಕ್ವಾರ್ಟರ್‌ಬ್ಯಾಕಿಗೆ ಎಳ್ಳುನೀರು

ಮೊನ್ನೆ ಪ್ಯಾಂಟ್ರಿಯಲ್ಲಿ ಹುಣಸೆಹಣ್ಣು ಹುಡುಕುತ್ತಿದ್ದೆ. ಮೇಲಿನ ಹಲಗೆಯಿಂದ ಮಡಿಸಿಟ್ಟ ಕಂದು ಕಾಗದದ ದಿನಸಿ ಚೀಲವೊಂದು ಜಾರಿ ನೇರವಾಗಿ ನನ್ನ ತಲೆಯ ಮೇಲೆ ಬಿತ್ತು. ಬಿಡಿಸಿ ನೋಡಿದರೆ ಅದಕ್ಕೆ ಎರಡು ಕಣ್ಣು! ಯಾರೋ ಕತ್ತರಿಯಲ್ಲಿ ಗುಂಡಗೆ ಕತ್ತರಿಸಿದ ಎರಡು ತೂತುಗಳು. ಹೆದರಿ ಕೆಳಗೆ ಹಾಕಿಬಿಟ್ಟೆ. ಆಮೇಲೆ ನೆನಪಾಯಿತು, ಇದು ನನ್ನ ಮಗಳು ಮೇಘಾಳ ಕೈಕೆಲಸ. ಆರ್ಥಿಕ ಹಿಂಜರಿತದ ಆ ವರ್ಷ ಡೆಟ್ರಾಯ್ಟಿನ ಜನ ಫುಟ್‌ಬಾಲ್ ನೋಡಲು ಹೋಗುವಾಗ ನಾಚಿಕೆಗೆ ತಲೆಗೆ ಇಂಥ ಚೀಲ ಹಾಕಿಕೊಂಡು ಹೋಗುತ್ತಿದ್ದರು. ಅವರ ತಂಡ ಆಡಿದ ಆಟವನ್ನೆಲ್ಲ ಸೋಲುತ್ತಿತ್ತು. ಮಗಳು ಟಿವಿಯಲ್ಲಿ ಅದನ್ನು ನೋಡಿ ನಮ್ಮ ಫಾರ್ಮಿಂಗ್ಟನ್ ಹಿಲ್ಸ್ ಮನೆಯಲ್ಲೂ ಒಂದು ತಯಾರಿಸಿದ್ದಳು.

ನನಗೂ ಆಟಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಬೀದಿಯ ಹುಡುಗರೆಲ್ಲ ಕ್ರಿಕೆಟ್ ಆಡುವಾಗ ನನ್ನದು ಕಾಂಪೌಂಡಿನ ಮೇಲೆ ಕೂತು ಎಲ್ಲರ ಚಪ್ಪಲಿ, ಗಡಿಯಾರ ಕಾಯುವ ಉದ್ಯೋಗ. ಒಂದು ಸಲ ಆಳಿಲ್ಲವೆಂದು ನನ್ನನ್ನೂ ಆಟಕ್ಕೆ ಸೇರಿಸಿಕೊಂಡರು. ಚೆಂಡು ನನ್ನ ಕಡೆ ಬಂತು. ಅದು ಹೋಗುವುದಕ್ಕೆ ದಾರಿ ಬಿಟ್ಟು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಂತೆ. ಮಾರನೆಯ ದಿನದಿಂದ ಮತ್ತೆ ಚಪ್ಪಲಿ ಕಾಯುವುದಕ್ಕೆ ಕೂರಿಸಿದರು. ಇಂಥವಳು ಈ ದೇಶಕ್ಕೆ ಬಂದು, ಕಾಲಿನಲ್ಲಿ ಆಡದ ಫುಟ್‌ಬಾಲ್ ಒಂದಿದೆ, ಅದರ ಚೆಂಡು ಗುಂಡಗಿಲ್ಲ, ಆಡುವುದಕ್ಕಿಂತ ಹೆಚ್ಚು ಹೊತ್ತು ನಿಂತು ಮಾತಾಡುತ್ತಾರೆ ಎಂದೆಲ್ಲ ತಿಳಿದಾಗ ಏನು ಮಾಡಬೇಕು? ಸುಮ್ಮನೆ ತಲೆಯಾಡಿಸುವುದನ್ನು ಕಲಿತೆ.

ಕ್ವಾರ್ಟರ್‌ಬ್ಯಾಕ್ ಎಂದರೆ ಯಾರು ಎಂದು ನನಗೆ ತಿಳಿಸಿಕೊಟ್ಟವರು ನನ್ನ ಸಹೋದ್ಯೋಗಿ ಗ್ಯಾರಿ. ನಮ್ಮ ಮದುವೆಮನೆಗಳಲ್ಲಿ ಒಬ್ಬ ಸೋದರಮಾವ ಇರುತ್ತಾನಲ್ಲ, ನಾಲ್ಕೂ ಕಡೆಯಿಂದ ಜನ ಮೈಮೇಲೆ ಬೀಳುತ್ತಿದ್ದರೂ ನಿಂತಲ್ಲೇ ನಿಂತು ಯಾವ ಪಾತ್ರೆ ಯಾವ ಪಂಕ್ತಿಗೆ ಹೋಗಬೇಕು ಎಂದು ಹೇಳುವವನು, ಅವನೇ ಎಂದು ನಾನು ಅರ್ಥ ಮಾಡಿಕೊಂಡೆ. ಊಟ ಚೆನ್ನಾದರೆ ಹೆಸರು ಅವನಿಗೆ, ಸಾರು ಸಾಲದಿದ್ದರೆ ಬೈಗುಳವೂ ಅವನಿಗೆ.

ಗ್ಯಾರಿ ಮತ್ತು ನಾನು ಆಬರ್ನ್ ಹಿಲ್ಸ್‌ನ ಒಂದು ಕಂಪನಿಯಲ್ಲಿ ಕಾರಿನ ಬಾಗಿಲಿನ ಲ್ಯಾಚ್ ವಿನ್ಯಾಸ ಮಾಡುತ್ತಿದ್ದೆವು. ನೀವು ಬಾಗಿಲು ಎಳೆದಾಗ ಟಪ್ ಎಂದು ಕಚ್ಚಿಕೊಳ್ಳುತ್ತದಲ್ಲ, ಆ ಟಪ್ ನಮ್ಮದು. ಗ್ಯಾರಿ ಡೆಟ್ರಾಯ್ಟಿನಲ್ಲೇ ಹುಟ್ಟಿ ಬೆಳೆದವರು, ತಲೆ ಪೂರ್ತಿ ಬೆಳ್ಳಗಾಗಿತ್ತು, ಕೂದಲು ಕಪ್ಪಗಿದ್ದಾಗಿನಿಂದ ಅದೇ ಕಂಪನಿಯಲ್ಲಿದ್ದರು. ಆ ವರ್ಷ ಕಾರು ಕೊಳ್ಳುವವರೇ ಇರಲಿಲ್ಲ. ಪ್ರತಿ ಶುಕ್ರವಾರ ಯಾರಾದರೊಬ್ಬರು ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಪಾರ್ಕಿಂಗ್ ಲಾಟಿನ ಕಡೆ ನಡೆಯುತ್ತಿದ್ದರು. ಲ್ಯಾಚಿಗೆ ಇಬ್ಬರು ಯಾಕೆ, ಒಬ್ಬರು ಸಾಕು ಎಂಬ ಮಾತು ನಮ್ಮ ಕಿವಿಗೂ ಬಿದ್ದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಒಂದು ಕುರ್ಚಿ ಖಾಲಿಯಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನನ್ನ ಯಜಮಾನರ ಕೆಲಸ ಅದಾಗಲೇ ಹೋಗಿ, ಅವರು ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಹೊಸದೊಂದು ಹಿಡಿದು ವಾರದ ಕೊನೆಗೆ ಮಾತ್ರ ಮನೆಗೆ ಬರುತ್ತಿದ್ದರು. ನನ್ನದೂ ಹೋದರೆ ಮನೆ ಬಿಟ್ಟು ಹೊರಡಬೇಕು. ಆದರೂ ನಾವಿಬ್ಬರೂ ದಿನಾ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡುತ್ತಿದ್ದೆವು, ನನ್ನ ಚಿತ್ರಾನ್ನದಲ್ಲಿ ಅವರಿಗೂ ಒಂದು ಪಾಲು ಇರುತ್ತಿತ್ತು.

ಹೀಗೆ ಊಟಕ್ಕೆ ಕೂತಾಗಲೇ ಗ್ಯಾರಿ ಆ ಕಥೆ ಹೇಳಿದ್ದು. ಅವರ ಇಂಗ್ಲಿಷನ್ನು ನನ್ನ ಮೈಸೂರು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ, ಸಹಿಸಿಕೊಳ್ಳಿ.

"ನಮ್ಮಪ್ಪನ ಕಾಲದಲ್ಲಿ ಡೆಟ್ರಾಯ್ಟ್ ತಂಡಕ್ಕೆ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ, ಜಯಾ. ಅವನಂಥೋನು ಮತ್ತೆ ಹುಟ್ಟಲಿಲ್ಲ. ಮೇಲಿಂದ ಮೇಲೆ ಗೆಲ್ಲಿಸಿಕೊಟ್ಟ. ಆಮೇಲೆ ಒಂದು ದಿನ ಅವನನ್ನ ಬೇರೆ ಊರಿನ ತಂಡಕ್ಕೆ ಕಳಿಸಿಬಿಟ್ರು. ಹೋಗ್ತಾ ಅಂದನಂತೆ, ಇನ್ನು ಐವತ್ತು ವರ್ಷ ಈ ತಂಡ ಗೆಲ್ಲಲ್ಲ ಅಂತ."

"ನಿಜವಾಗ್ಲೂ ಹಾಗಂದನಾ?"

"ಯಾರಿಗ್ಗೊತ್ತು! ಕಿವಿಯಾರೆ ಕೇಳಿದೋರು ಒಬ್ಬರೂ ಇಲ್ಲ. ಆದ್ರೆ ಅಲ್ಲಿಂದ ಇಲ್ಲಿವರೆಗೆ ಗೆದ್ದಿಲ್ಲ. ಐವತ್ತು ವರ್ಷ ಈ ಸಲಕ್ಕೆ ಮುಗಿಯುತ್ತೆ. ನೋಡ್ತಾ ಇರು, ತಂಡಾನೂ ಏಳುತ್ತೆ, ಊರೂ ಏಳುತ್ತೆ, ನಮ್ಮ ಕುರ್ಚಿಗಳೂ ಉಳಿಯುತ್ವೆ." ಟೇಬಲ್ಲಿನ ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ರಾತ್ರಿ ಊಟಕ್ಕೆ ಬಡಿಸುತ್ತ ಈ ಕಥೆಯನ್ನು ನನ್ನ ಮಾವನಿಗೆ ಹೇಳಿದೆ. ಮಾವ ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು, ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಕಥೆ ಕೇಳಿ ನಗುತ್ತಾರೆಂದುಕೊಂಡೆ. ಅವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಗೆದ್ದು ಕೊಟ್ಟೋನನ್ನ ಕಳಿಸಿಬಿಟ್ರು ಅಂದ್ರೆ ಏನಮ್ಮಾ? ಕೆಲಸದಿಂದ ತೆಗೆದ್ರಾ?"

"ಇಲ್ಲ ಮಾವ, ಟ್ರೇಡ್ ಮಾಡಿದ್ರು. ಅಂದ್ರೆ ಇವನನ್ನ ಕೊಟ್ಟು ಅವರ ಕಡೆಯಿಂದ ಬೇರೆ ಆಟಗಾರನನ್ನ ಬದಲಿಗೆ ತಗೊಂಡ್ರು."

"ಮನುಷ್ಯನನ್ನಾ?"

ಆ ಒಂದು ಮಾತಿಗೆ ನಾನೂ ದಂಗಾದೆ. ಎಷ್ಟು ವರ್ಷದಿಂದ ಈ ದೇಶದಲ್ಲಿ ಇದನ್ನು ಕೇಳುತ್ತಿದ್ದೇನೆ, ಒಂದು ದಿನವೂ ನನಗೆ ಹಾಗೆ ಅನ್ನಿಸಿರಲಿಲ್ಲ.

ಮಾವನಿಗೆ ಶಾಪವೆಂದರೆ ಹುಡುಗಾಟವಲ್ಲ. ಅವರು ಹುಟ್ಟಿದ್ದು ತಿರುಮಕೂಡಲು ನರಸೀಪುರದಲ್ಲಿ, ತಲಕಾಡಿಗೆ ಹತ್ತಿರ. ಚಿಕ್ಕವರಿದ್ದಾಗ ಪಂಚಲಿಂಗದರ್ಶನಕ್ಕೆ ಹೋಗಿ, ಕಾದ ಮರಳಿನಲ್ಲಿ ಕಾಲು ಸುಟ್ಟುಕೊಂಡು ಅತ್ತರೆ, ಅವರಜ್ಜಿ ಸುಮ್ಮನಿರಿಸುವ ಬದಲು ಮರಳು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೇಳುತ್ತಿದ್ದರಂತೆ. "ಒಬ್ಬ ಹೆಂಗಸು ಹೊಳೆಗೆ ಹಾರೋ ಮುಂಚೆ ಆಡಿದ ಮಾತಿಗೆ ಅಲ್ಲಿ ದೇವಸ್ಥಾನ ದೇವಸ್ಥಾನಗಳೇ ಮರಳಲ್ಲಿ ಹೂತುಹೋದ್ವು. ನಿಮ್ಮ ಆಫೀಸಲ್ಲಿ ನಗ್ತಾರಾ?" ಎಂದು ಕೇಳಿದರು.

"ತಾತಾ, ಇಟ್ಸ್ ಜಸ್ಟ್ ಎ ಗೇಮ್," ಎಂದಳು ಮೇಘಾ.

"ಆಟಾನೇ ಇರಬಹುದು ಪುಟ್ಟಿ, ನೊಂದಿದ್ದು ಮನುಷ್ಯ ತಾನೆ?" ಎಂದು ಮಾವ ಕೈ ತೊಳೆಯಲು ಎದ್ದರು. ಅನ್ನ ತಟ್ಟೆಯಲ್ಲೇ ಉಳಿಯಿತು.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಇಬ್ಬರು ಹಿರಿಯರ ನಡುವೆ ನಾನು ಅಂಚೆಯಣ್ಣ. ಆ ಪುಣ್ಯಾತ್ಮ ಈಗ ಇದ್ದಾನಾ, ತೀರಿಕೊಂಡನಾ ಎಂದು ಮಾವ ಕೇಳಿ ಕಳಿಸುವರು. ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದು ಗ್ಯಾರಿ ಉತ್ತರ ಕಳಿಸುವರು. ಈ ಊರಿನವರು ಯಾರಾದರೂ ಅವನನ್ನು ಕಂಡು ತಪ್ಪಾಯಿತು ಎಂದಿದ್ದರಾ ಎಂಬ ಪ್ರಶ್ನೆಗೆ ಮಾತ್ರ ಗ್ಯಾರಿ ತಲೆ ಕೆರೆದುಕೊಂಡರು. "ಇದನ್ನ ಯಾರೂ ಕೇಳಿರಲಿಲ್ಲ," ಎಂದರು. ಮಧ್ಯದಲ್ಲಿ ನಾನು ಗ್ಯಾರಿಯನ್ನು ಅವನು ಇವನು ಎಂದಿದ್ದಕ್ಕೆ ಮಾವನಿಂದ ಬೈಸಿಕೊಂಡೆ. ಇಲ್ಲಿ ನಾನು ಅವರು ಎಂದು ಬರೆಯುತ್ತಿರುವುದು ಆ ಬೈಗುಳದ ಫಲ.

ಮಹಾಲಯ ಅಮಾವಾಸ್ಯೆ ಬಂತು. ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಮುಂಚೆ ಮಾವ ಹಿತ್ತಿಲಿನ ಮರದ ಡೆಕ್ ಮೇಲೆ ಪಂಚೆಯುಟ್ಟು, ಮೇಲೊಂದು ಸ್ವೆಟರ್ ತೊಟ್ಟು, ದರ್ಭೆ, ಎಳ್ಳು, ತಂಬಿಗೆ ನೀರು ಇಟ್ಟುಕೊಂಡು ತರ್ಪಣಕ್ಕೆ ಕೂತರು. ಚಳಿಗೆ ಮಂತ್ರ ನಡುಗುತ್ತಿತ್ತು. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು, ಗುರುಗಳು, ಹೋಗಿಬಿಟ್ಟ ಗೆಳೆಯರು ಎಲ್ಲ ಮುಗಿದ ಮೇಲೆ ನನ್ನನ್ನು ಕರೆದರು.

"ಆತನ ಹೆಸರು ಇನ್ನೊಂದ್ಸಲ ಹೇಳು. ಸರಿಯಾಗಿ ಹೇಳು."

ಹೇಳಿದೆ. ಗೋತ್ರ ಗೊತ್ತಿಲ್ಲದವರನ್ನು ಕಾಶ್ಯಪ ಗೋತ್ರ ಎನ್ನುವುದು ನಮ್ಮಲ್ಲಿ ರೂಢಿ. ಕಾಶ್ಯಪ ಗೋತ್ರೋತ್ಪನ್ನನಾದ ಅಮೆರಿಕದ ಕ್ವಾರ್ಟರ್‌ಬ್ಯಾಕಿಗೆ ಮಾವನ ಹೆಬ್ಬೆರಳು ತೋರುಬೆರಳ ನಡುವಿನಿಂದ ಎಳ್ಳುನೀರು ಇಳಿಯಿತು. ಪಕ್ಕದ ಮನೆಯ ನಾಯಿ ಬೇಲಿಯ ಸಂದಿಯಿಂದ ಮೂತಿ ತೂರಿಸಿ ನೋಡುತ್ತಿತ್ತು. ಅದರ ಮುಖದಲ್ಲಿ ಕಂಡಷ್ಟೇ ಬೆರಗು ನನ್ನ ಮುಖದಲ್ಲೂ ಇದ್ದಿರಬೇಕು.

ಇದನ್ನು ಆಫೀಸಿನಲ್ಲಿ ಹೇಳುವುದೋ ಬೇಡವೋ ಎಂದು ಕಾರಿನಲ್ಲಿ ಅರ್ಧ ದಾರಿ ಯೋಚಿಸಿದೆ. ನನ್ನ ಬಾಯಿಯ ವಿಷಯ ನಿಮಗೆ ಗೊತ್ತಲ್ಲ. ಕೋಟು ತೆಗೆಯುವ ಮುಂಚೆಯೇ ಹೇಳಿಬಿಟ್ಟೆ. ಗ್ಯಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆಂದು ಕಾದೆ. ನಗಲಿಲ್ಲ.

"ಅದರಿಂದ ಏನಾಗುತ್ತೆ?"

"ಹೋದವರ ಬಾಯಾರಿಕೆ ತೀರುತ್ತೆ ಅಂತಾರೆ."

ಅವರ ಕಿವಿ ಕೆಂಪಾಯಿತು. "ಐವತ್ತು ವರ್ಷ ಅವನ ಮಾತು ಹಿಡಿದುಕೊಂಡು ಬೈದಿದೀವಿ, ಕುಡಿದಿದೀವಿ, ಜೋಕ್ ಮಾಡಿದೀವಿ. ಅವನಿಗೆ ನೀರು ಕೊಡಬೇಕು ಅಂತ ಈ ಊರಲ್ಲಿ ಒಬ್ಬನಿಗೂ ಹೊಳೀಲಿಲ್ಲ ನೋಡು," ಎಂದರು. ಆಮೇಲೆ ಕಂಪ್ಯೂಟರ್ ಕಡೆ ತಿರುಗಿದರು. ಆ ದಿನ ನಾವು ಲ್ಯಾಚಿನ ಬಗ್ಗೆ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಎಳ್ಳುನೀರು ಬಿಟ್ಟಿದ್ದಾಯಿತು, ಇನ್ನು ಗೆಲ್ಲುತ್ತಾರೆಂದು ಮನೆಯಲ್ಲಿ ಎಲ್ಲರೂ ಕಾದೆವು. ಹೌದು, ನಾನೂ ಕಾದೆ, ನಾನೊಬ್ಬಳು ಇಂಜಿನಿಯರ್. ಭಾನುವಾರ ಬಂದರೆ ಮಾವ ಟಿವಿ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಯಾರ ಕೈಯಲ್ಲಿ ಚೆಂಡಿದೆ ಎಂದು ಅವರಿಗೂ ತಿಳಿಯದು, ನನಗೂ ತಿಳಿಯದು. ಮೇಘಾ ತಲೆಗೆ ಚೀಲ ಹಾಕಿಕೊಂಡು "ದೇ ಲಾಸ್ಟ್ ಅಗೈನ್!" ಎಂದು ಕೂಗಿದಾಗ ಆಟ ಮುಗಿಯಿತೆಂದು ಗೊತ್ತಾಗುತ್ತಿತ್ತು. ಸೋತರು. ಮುಂದಿನ ವಾರವೂ ಸೋತರು. ಅದರ ಮುಂದಿನ ವಾರವೂ.

ಒಂದು ಬೆಳಿಗ್ಗೆ ಮಾವ "ಅಯ್ಯಯ್ಯೋ!" ಎಂದು ಕೂಗಿದ್ದು ಕೇಳಿ ಎದೆನೋವೇನೋ ಎಂದು ಓಡಿದೆ. ಅವರು ಮೈಸೂರಿನಿಂದ ತಂದ ಪಂಚಾಂಗ ಹಿಡಿದು ಕೂತಿದ್ದರು. ಅಮಾವಾಸ್ಯೆಯ ಗಳಿಗೆಯನ್ನು ಮೈಸೂರಿನ ಸೂರ್ಯನಿಗೆ ನೋಡಿದ್ದರೇ ಹೊರತು ಮಿಶಿಗನ್ನಿನ ಸೂರ್ಯನಿಗೆ ನೋಡಿರಲಿಲ್ಲ. ಇಲ್ಲಿ ಅಮಾವಾಸ್ಯೆ ಸೋಮವಾರ ಹೊತ್ತು ಹುಟ್ಟುವ ಮುಂಚೆಯೇ ಮುಗಿದಿತ್ತು. ಮಾವ ಎಳ್ಳುನೀರು ಬಿಟ್ಟದ್ದು ಪಾಡ್ಯದಲ್ಲಿ.

"ಆತನಿಗೂ ಮುಟ್ಟಲಿಲ್ಲ, ನಮ್ಮಪ್ಪನಿಗೂ ಮುಟ್ಟಲಿಲ್ಲವಲ್ಲೇ ಜಯಾ!" ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಎಪ್ಪತ್ತು ದಾಟಿದ ಜೀವ ಅಷ್ಟು ಕಂಗಾಲಾದದ್ದನ್ನು ನಾನು ನೋಡಿರಲಿಲ್ಲ. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಡಿಸೆಂಬರಿನ ಒಂದು ಶುಕ್ರವಾರ ಮ್ಯಾನೇಜರ್ ನಮ್ಮ ಕ್ಯೂಬಿಕಲ್ ಬಳಿ ಬಂದರು. ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ತಮ್ಮ ಕೋಣೆಗೆ ಕರೆದದ್ದು ಗ್ಯಾರಿಯನ್ನು. ಕಾಫಿ ಆರುವಷ್ಟರಲ್ಲಿ ಗ್ಯಾರಿ ಹೊರಗೆ ಬಂದರು, ಕೈಯಲ್ಲಿ ಪೆಟ್ಟಿಗೆ. ನನ್ನ ಭುಜ ತಟ್ಟಿ, "ಚಿತ್ರಾನ್ನ ಇನ್ನು ಪೂರ್ತಿ ನಿನಗೇ," ಎಂದು ನಡೆದುಬಿಟ್ಟರು. ಕೂದಲು ಕಪ್ಪಗಿದ್ದಾಗಿನಿಂದ ದುಡಿದ ಮನುಷ್ಯ! ಬಾಗಿಲವರೆಗೆ ಸೆಕ್ಯೂರಿಟಿಯವನು ಜೊತೆಗೆ ಹೋದ, ಏನಾದರೂ ಕದ್ದೊಯ್ದರೆ ಎಂಬಂತೆ. ನನ್ನ ಕೆಲಸ ಉಳಿಯಿತು. ಸಂತೋಷ ಮಾತ್ರ ಹತ್ತಿರಕ್ಕೂ ಬರಲಿಲ್ಲ.

ಮನೆಗೆ ಬಂದು ಹೇಳಿದಾಗ ಮಾವ ಕೇಳಿದ ಮೊದಲ ಪ್ರಶ್ನೆ, "ಹೋಗುವಾಗ ಬಾಯಲ್ಲಿ ಏನಾದ್ರೂ ಅಂದ್ರಾ?"

"ಚಿತ್ರಾನ್ನದ ಮಾತಾಡಿದ್ರು ಮಾವ, ಅಷ್ಟೇ."

"ಮನಸ್ಸಲ್ಲಿ ಏನಂದುಕೊಂಡ್ರೋ! ಅಷ್ಟು ವರ್ಷ ದುಡಿದವರು ಹೊಟ್ಟೆ ಉರಿಸಿಕೊಂಡು ಹೋಗಬಾರದಮ್ಮಾ. ನಾನು ರಿಟೈರ್ ಆದಾಗ ಹುಡುಗರು ಹಾರ ಹಾಕಿ, ಶಾಲು ಹೊದಿಸಿ, ಮನೆ ತನಕ ಬಂದು ಬಿಟ್ಟಿದ್ರು. ಇವರಿಗೆ ಪೆಟ್ಟಿಗೆ ಕೊಟ್ಟು ಕಳಿಸ್ತಾರಾ? ನಾಳೆ ಅವರ ಮನೆಗೆ ಹೋಗೋಣ."

ಶನಿವಾರ ಮಧ್ಯಾಹ್ನ ಹೊರಟೆವು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ತರಿಸಿ ಉಳಿದಿದ್ದ ಮೈಸೂರು ಪೇಟವೊಂದು ನಮ್ಮ ಬೇಸ್‌ಮೆಂಟಿನಲ್ಲಿತ್ತು, ಅದನ್ನು ತೆಗೆದುಕೊಂಡೆವು. ಶಾಲು ಮಾವನದೇ. ಹಣ್ಣು, ತೆಂಗಿನಕಾಯಿ, ವೀಳ್ಯದೆಲೆ ಇಂಡಿಯನ್ ಸ್ಟೋರಿನದು. "ನೀವಿಬ್ಬರೂ ಸೇರಿ ನಾನು ಈ ಊರಲ್ಲಿ ತಲೆ ಎತ್ತಿಕೊಂಡು ಓಡಾಡದ ಹಾಗೆ ಮಾಡ್ತೀರ," ಎಂದು ಗೊಣಗುತ್ತ ಯಜಮಾನರು ಡ್ರೈವ್ ಮಾಡಿದರು.

ಗ್ಯಾರಿ ಬಾಗಿಲು ತೆರೆದಾಗ ಮುಖ ಊದಿಕೊಂಡಿತ್ತು. ಮಾವ ಅವರನ್ನು ಸೋಫಾದ ಮೇಲೆ ಕೂರಿಸಿ ಪೇಟ ತೊಡಿಸಿದರು, ಶಾಲು ಹೊದಿಸಿದರು, ಕೈಗೆ ಫಲತಾಂಬೂಲ ಕೊಟ್ಟು ಕೈಮುಗಿದರು. ಪೇಟ ಚಿಕ್ಕದಾಗಿ ನೆತ್ತಿಯ ಮೇಲೆ ಕೂತಿತ್ತು. ಆ ದೊಡ್ಡ ಆಳು ತೆಂಗಿನಕಾಯಿಯನ್ನು ಎದೆಗವಚಿಕೊಂಡು, ಹೆಂಡತಿಯ ಕಡೆ ನೋಡುತ್ತ, ಮಗುವಿನ ಹಾಗೆ ಅತ್ತುಬಿಟ್ಟರು. ಯಜಮಾನರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

"ಕೇಳು ಜಯಾ," ಎಂದರು ಮಾವ, "ಆ ಜಾಗದ ಬಗ್ಗೆ ಮನಸ್ಸಲ್ಲಿ ಕಹಿ ಇಟ್ಕೋಬೇಡಿ ಅಂತ ಹೇಳು."

ಹೇಳಿದೆ. ಗ್ಯಾರಿ ಅಳು ನಿಲ್ಲಿಸಿ ನನ್ನನ್ನು ಪೆಚ್ಚಾಗಿ ನೋಡಿದರು.

"ಲೇಟಾಯ್ತಲ್ಲ. ನಿನ್ನೆ ಪಾರ್ಕಿಂಗ್ ಲಾಟಲ್ಲಿ ನಿಂತು ಅಂದುಬಿಟ್ಟೆ. ಈ ಬಿಲ್ಡಿಂಗಲ್ಲಿ ಒಬ್ಬರೂ ಉಳೀಬಾರದು ಅಂತ. ಜೋರಾಗೇ ಅಂದೆ."

ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಾವ ನನ್ನ ಕಡೆ ನೋಡಿದರು. ನನ್ನ ಸೊಸೆ ಅದೇ ಕಟ್ಟಡದಲ್ಲಿದ್ದಾಳೆ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗ್ಯಾರಿಗೆ ತಾನಾಗಿಯೇ ಹೊಳೆದು, ಹಿಂದಕ್ಕೆ ತೆಗೆದುಕೊಳ್ಳಬಹುದಾ ಎಂದು ಕೇಳಿದರು. ಆಡಿದ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ, ಬೇಕಾದರೆ ಅದಕ್ಕೊಂದು ಉಶ್ಶಾಪ ಕೊಡಬಹುದು, ಅಂದರೆ ಶಾಪದಿಂದ ಪಾರಾಗುವ ಒಂದು ದಾರಿ ತೋರಿಸಬಹುದು ಎಂದು ಮಾವ ಗಂಭೀರವಾಗಿ ವಿವರಿಸಿದರು.

ಗ್ಯಾರಿ ಪೇಟ ಸರಿಮಾಡಿಕೊಂಡು ಎದ್ದು ನಿಂತರು. "ಸರಿ ಹಾಗಾದ್ರೆ. ಜಯಾ ಒಬ್ಬಳನ್ನ ಬಿಟ್ಟು," ಎಂದು ನಕ್ಕರು. ನಾವೂ ನಕ್ಕು ಹಗುರಾದೆವು, ಅವರ ಹೆಂಡತಿ ಕಾಫಿ ತಂದರು. ಕಾರಿನಲ್ಲಿ ವಾಪಸಾಗುವಾಗ ಮಾವ ಮಾತ್ರ, "ಒಬ್ಬಳನ್ನ ಬಿಟ್ಟು ಅಂದ್ರಲ್ಲಮ್ಮಾ, ಮಿಕ್ಕವರ ಗತಿ?" ಎಂದು ದಾರಿಯುದ್ದಕ್ಕೂ ಪೇಚಾಡಿದರು.

ತಂಡ ಆ ವರ್ಷದ ಕೊನೆಯ ಆಟವನ್ನೂ ಸೋತಿತು. ವರ್ಷವಿಡೀ ಒಂದೇ ಒಂದು ಗೆಲುವಿಲ್ಲ. ಜನವರಿಯಲ್ಲಿ ಮಾವ ಮೈಸೂರಿಗೆ ಹಿಂದಿರುಗಿದರು.

ಚಳಿ ಬಿಟ್ಟು ಹಿಮ ಕರಗುತ್ತಿದ್ದ ಒಂದು ಬೆಳಿಗ್ಗೆ ನಮ್ಮೆಲ್ಲರನ್ನೂ ಕಾನ್ಫರೆನ್ಸ್ ರೂಮಿಗೆ ಕರೆದರು. ಕಂಪನಿ ಮಿಶಿಗನ್ನಿನ ಕಚೇರಿಯನ್ನೇ ಮುಚ್ಚುತ್ತಿದೆ ಎಂದು ಹೊರಗಿನಿಂದ ಬಂದಿದ್ದ ಹೆಂಗಸೊಬ್ಬಳು ಓದಿದಳು. ಒಬ್ಬೊಬ್ಬರದೇ ಹೆಸರು ಕರೆದು ಕವರ್ ಕೊಟ್ಟಳು. ಸೀಟು ತಯಾರಿಸುವವರು, ಕಿಟಕಿಯವರು, ಗ್ಯಾರಿಯನ್ನು ಒಳಗೆ ಕರೆದ ಮ್ಯಾನೇಜರ್, ಬಾಗಿಲವರೆಗೆ ಜೊತೆ ಹೋದ ಸೆಕ್ಯೂರಿಟಿಯವನು, ಎಲ್ಲರೂ. ನನ್ನ ಹೆಸರು ಬರಲಿಲ್ಲ. ತಪ್ಪಿಹೋಯಿತೇನೋ ಎಂದು ನಾನೇ ಹೋಗಿ ಕೇಳಿದೆ. ಲ್ಯಾಚಿನ ಡ್ರಾಯಿಂಗುಗಳನ್ನು ಕಂಪನಿಯ ಇನ್ನೊಂದು ಕಚೇರಿಗೆ ಒಪ್ಪಿಸಲು ಒಬ್ಬರು ಬೇಕು, ನೀನು ಇರುತ್ತೀಯ, ಇಲ್ಲಿಯೇ ಇದ್ದು ಕೆಲಸ ಮಾಡು ಎಂದಳು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೊರಟುಹೋಗಿದ್ದರು. ಕುರ್ಚಿಗಳು ಹೇಗೆಂದರೆ ಹಾಗೆ ತಿರುಗಿ ನಿಂತಿದ್ದವು. ಯಾರದೋ ಮೇಜಿನ ಮೇಲಿನ ಕಾಫಿ ಇನ್ನೂ ಬಿಸಿಯಿತ್ತು. ಆ ಇಡೀ ಕಟ್ಟಡದಲ್ಲಿ ನಾನೊಬ್ಬಳೇ. ಗ್ಯಾರಿಗೆ ಫೋನ್ ಮಾಡಿದೆ.

"ಗ್ಯಾರಿ, ಎಲ್ಲರೂ ಹೋದ್ರು. ಒಬ್ಬರೂ ಉಳಿದಿಲ್ಲ. ನಾನೊಬ್ಬಳೇ ಇದೀನಿ."

ಜೋಕ್ ಮಾಡದೆ ಎರಡು ಮಾತಾಡದ ಮನುಷ್ಯ. ಅವತ್ತು ಜೋಕ್ ಮಾಡಲಿಲ್ಲ.

"ಜಯಾ, ನಾನು ಸಿಟ್ಟಿಗೆ ಸುಮ್ನೆ ಅಂದಿದ್ದು."

"ಗೊತ್ತು."

"ದೇವರಾಣೆಗೂ ಸುಮ್ನೆ ಅಂದಿದ್ದು." ಆಮೇಲೆ, ನನಗಲ್ಲ, ತಮಗೆ ತಾವೇ ಹೇಳಿಕೊಳ್ಳುವಂತೆ, ತೀರ ಸಣ್ಣ ದನಿಯಲ್ಲಿ ಹೇಳಿದರು.

"ಪಾಪ, ಅವನೂ ಸುಮ್ನೇ ಅಂದಿದ್ದನೇನೋ."